ಗೂಡಿನ ಮುಂದೆ ಕ್ಯಾಮರಾ

ವಾಕಡದ ನಮ್ಮ ಕಟ್ಟಡದಿಂದ ಸ್ವಲ್ಪ ದೂರ ನಡೆದರೆ ಮುಳಾ ನದಿಯ ದಂಡೆ ಸಿಗುತ್ತದೆ. ಪುಣೆಗೆ ವರ್ಗವಾಗಿ ಬಂದ ಮೇಲೆ ರವಿವಾರದ ಬೆಳಗನ್ನು ಅಲ್ಲಿ ಕಳೆಯುವುದು ನನ್ನ ರೂಢಿ. ನೀರಿನ ಬಗ್ಗೆ ಹೇಳದಿರುವುದೇ ಲೇಸು. ಆದರೂ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳು ಪಾಪ, ಇನ್ನೂ ನಮ್ಮನ್ನು ಕೈಬಿಟ್ಟಿಲ್ಲ. ಕೆಲವು ದಿನ ಹಕ್ಕಿಗಳಿಗಿಂತ ಕ್ಯಾಮರಾಗಳೇ ಹೆಚ್ಚಾಗಿ ಕಾಣುತ್ತವೆ.

ಈಚೆಗೆ ಒಂದು ಬೆಳಿಗ್ಗೆ ನಮ್ಮ ಸಂಘದ ಸದಸ್ಯರೊಬ್ಬರ ಮಗ, ಕಾಲೇಜು ಓದುವ ಹುಡುಗ, ಓಡಿಬಂದು ತನ್ನ ಕ್ಯಾಮರಾದ ಹಿಂಬದಿಯ ಪರದೆಯನ್ನು ನನ್ನ ಮುಂದೆ ಹಿಡಿದ. ಪಿಕಳಾರದ ಗೂಡು, ಅದರೊಳಗೆ ಬಾಯಿ ತೆರೆದ ಮೂರು ಮರಿಗಳು. "ಹ್ಯಾಂಗ ಬಂದದ ನೋಡ್ರಿ ಕಾಕಾ! ಟೊಂಗಿ ಅಡ್ಡ ಬರ್ತಿತ್ತು, ಒಂದೀಟು ಸರಿಸಿ ಕಟ್ಟಿದೆ. ರಾಜ್ಯೋತ್ಸವದ ಪ್ರದರ್ಶನಕ್ಕ ಕೊಡಲೇನ್ರಿ?" ಎಂದು ಕೇಳಿದ. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ನನಗೆ ಹೊಗಳಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ. ಬೈಯಲು ಬಾಯಿ ಬಾರದಿದ್ದುದಕ್ಕೆ ಕಾರಣ ನನ್ನ ಟ್ರಂಕಿನಲ್ಲಿದೆ. ಅದನ್ನು ಹೇಳುವ ಮೊದಲು ಈ ಹವ್ಯಾಸದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ವನ್ಯಜೀವಿ ಛಾಯಾಗ್ರಹಣ ಹುಟ್ಟಿದ್ದೇ ಗೂಡಿನ ಮುಂದೆ ಎಂದರೆ ತಪ್ಪಾಗಲಾರದು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್‌ಟನ್ ಎಂಬ ಅಣ್ಣತಮ್ಮಂದಿರು 1895ರಲ್ಲಿ ಆ ದೇಶದ ಹಕ್ಕಿಗೂಡುಗಳ ಬಗ್ಗೆ, ಸ್ಥಳದಲ್ಲೇ ತೆಗೆದ ಫೋಟೋಗಳುಳ್ಳ ಪುಸ್ತಕವೊಂದನ್ನು ಹೊರತಂದರು. ಹಕ್ಕಿಗೆ ಅನುಮಾನ ಬಾರದಿರಲೆಂದು ಎತ್ತಿನ ಚರ್ಮದಿಂದ ಟೊಳ್ಳು ಬೊಂಬೆಯೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮರಾ ಸಮೇತ ನಿಲ್ಲುತ್ತಿದ್ದರಂತೆ. ನಮ್ಮೂರ ಬಯಲಾಟದಲ್ಲಿ ಇಂಥ ಎತ್ತು ಬಂದಿದ್ದರೆ ಜನ ಶಿಳ್ಳೆ ಹೊಡೆಯುತ್ತಿದ್ದರು!

ಗೂಡೇ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಅಂದಿನ ಸಾಮಗ್ರಿಯಲ್ಲಿದೆ. ಗಾಜಿನ ಪ್ಲೇಟುಗಳಿಗೆ ಬೆಳಕು ಬಹಳ ಬೇಕು. ದೂರದ ವಸ್ತುವನ್ನು ಹತ್ತಿರ ತರುವ ಒಳ್ಳೆಯ ಲೆನ್ಸು ಕೈಗೆಟುಕುವಂತಿರಲಿಲ್ಲ. ಹಾರುವ ಹಕ್ಕಿಯನ್ನು ಹಿಡಿಯುವುದಂತೂ ಕನಸು. ಆದರೆ ಮರಿಗಳಿರುವ ತಾಯಿಹಕ್ಕಿ ಎಲ್ಲಿಗೆ ಹೋದರೂ ಅದೇ ಕೊಂಬೆಗೆ, ಅದೇ ಗೂಡಿನ ಅಂಚಿಗೆ ಮರಳಿ ಬಂದು ಕೂರುತ್ತದೆ. ಮೊದಲೇ ಫೋಕಸ್ ಮಾಡಿಟ್ಟುಕೊಂಡು ಕಾಯಬಹುದು. ಹೀಗೆ, ಹಕ್ಕಿಯ ತಾಯ್ತನವೇ ಛಾಯಾಚಿತ್ರಕಾರನ ಅನುಕೂಲವಾಯಿತು. ಮುಂದೆ ಎಷ್ಟೋ ದಶಕಗಳ ಕಾಲ ಜಗತ್ತಿನಾದ್ಯಂತ ಒಳ್ಳೆಯ ಹಕ್ಕಿ ಚಿತ್ರವೆಂದರೆ ಬಹುಮಟ್ಟಿಗೆ ಗೂಡಿನ ಚಿತ್ರವೇ.

ನಮ್ಮ ದೇಶದಲ್ಲಿ ಇದರ ಹಾದಿ ಸ್ವಲ್ಪ ಬೇರೆ. ಇಲ್ಲಿ ಕ್ಯಾಮರಾ ಬಂದದ್ದು ಕೋವಿಗೆ ಬದಲಾಗಿ. ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಇಂಗ್ಲಿಷ್ ಗೃಹಸ್ಥರು ಬೇಟೆಯನ್ನು ಇಷ್ಟಪಡದೆ ಕ್ಯಾಮರಾ ಹಿಡಿದವರು. ಹುಲಿ ಓಡಾಡುವ ಕಾಲುದಾರಿಯಲ್ಲಿ ತೆಳ್ಳನೆಯ ತಂತಿ ಕಟ್ಟುವರು. ಹುಲಿಯ ಕಾಲು ತಾಗಿದೊಡನೆ ಫ್ಲಾಶು ಹೊತ್ತಿ, ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವುದು. ಹಲವು ವರ್ಷಗಳ ಸೋಲಿನ ನಂತರ 1925ರಲ್ಲಿ ಅವರ ಹುಲಿಯ ಚಿತ್ರಗಳು ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾದವು. 1927ರಲ್ಲಿ ಪುಸ್ತಕವೂ ಬಂತು. ಒಂದೊಂದು ಹುಲಿಯ ಪಟ್ಟೆಯೂ ಬೇರೆ ಬೇರೆ, ಚಿತ್ರ ನೋಡಿ ಇದು ಇಂಥದೇ ಹುಲಿ ಎನ್ನಬಹುದು ಎಂಬುದನ್ನೂ ಅವರು ಗಮನಿಸಿದ್ದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಕನ್ನಡನಾಡಿನಲ್ಲಿ ಮೈಸೂರು ಮಹಾರಾಜರ ಬೇಟೆಯ ಕಾಡಿನಲ್ಲಿ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಧಾಮವಾಯಿತು; ಅದೇ ಪ್ರದೇಶದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಂದರೆ, ಕಾಡಿಗೆ ಹಗ್ಗ, ಕೋವಿ ಹಿಡಿದು ಹೋಗುವ ಕಾಲ ಮುಗಿದು ಕ್ಯಾಮರಾ ಹಿಡಿದು ಹೋಗುವ ಕಾಲ ಬಂದದ್ದು ನಮ್ಮ ತಂದೆಯವರ ತಲೆಮಾರಿನಲ್ಲಿ.

ಆ ತಲೆಮಾರಿನ ದೊಡ್ಡ ಹೆಸರುಗಳಲ್ಲಿ ಒಂದು ಎಂ. ವೈ. ಘೋರ್ಪಡೆಯವರದು. ಈ ಮನೆತನದ ಹೆಸರು ಪುಣೆಯವರಿಗೆ ಹೊಸದಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರನ್ನು ಆಳಿದ ಮರಾಠಾ ರಾಜಮನೆತನ ಅವರದು. ದೇವರಾಜ ಅರಸರ ಸಂಪುಟದಲ್ಲಿ ಅರ್ಥಮಂತ್ರಿಗಳಾಗಿದ್ದು ರಾಜ್ಯದ ಆಯವ್ಯಯ ಮಂಡಿಸಿದವರು, ಬಿಡುವು ಸಿಕ್ಕಾಗ ಕಾಡಿನಲ್ಲಿ ಕ್ಯಾಮರಾ ಹಿಡಿದು ಕುಳಿತಿರುತ್ತಿದ್ದರು. 1983ರಲ್ಲಿ ಅವರ ದಿನಚರಿ ರೂಪದ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಚಿತ್ರಗಳಿಗೆ ಹೆಸರು ತಂದುಕೊಟ್ಟದ್ದು ಕಪ್ಪು–ಬಿಳುಪಿನ ನೆರಳು ಬೆಳಕು. ಆನೆಯ ಮೈಮೇಲಿನ ಧೂಳಿಗೂ ಅಲ್ಲಿ ಒಂದು ಬೆಲೆ ಇದೆ.

ಇನ್ನೊಬ್ಬರು ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್. 1932ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಇವರಿಗೆ ಗುರುಗಳು ಓ. ಸಿ. ಎಡ್ವರ್ಡ್ಸ್. ಗುರುಶಿಷ್ಯ ಪರಂಪರೆ ಸಂಗೀತದಲ್ಲಿ ಮಾತ್ರವಲ್ಲ, ಇಲ್ಲಿಯೂ ಇತ್ತು. ಪೆರುಮಾಳರು ಕಲಿಸಿದ ಎಷ್ಟೋ ಜನ ಮುಂದೆ ತಾವೇ ಹೆಸರು ಮಾಡಿದರು. ಇ. ಹನುಮಂತರಾಯರೂ ಇದೇ ಕಾಲದ ಬೆಂಗಳೂರಿಗರು.

ಅಂದಿನ ಕಷ್ಟ ಇಂದಿನ ಹುಡುಗರಿಗೆ ಹೇಳಿದರೂ ತಿಳಿಯದು. ವಿದೇಶೀ ಕ್ಯಾಮರಾ, ಲೆನ್ಸುಗಳ ಆಮದಿಗೆ ನೂರೆಂಟು ನಿರ್ಬಂಧ. ಊಟಿಯ ಸರ್ಕಾರಿ ಕಾರ್ಖಾನೆಯ 'ಇಂದು' ಫಿಲ್ಮೇ ಅನೇಕರಿಗೆ ಗತಿ. ಒಂದು ರೋಲಿಗೆ ಮೂವತ್ತಾರು ಚಿತ್ರ, ಮುಗಿದರೆ ಮುಗಿಯಿತು. ಗುಂಡಿ ಒತ್ತಿದ ಸದ್ದಿಗೇ ಜಿಂಕೆ ಕಿವಿ ನಿಮಿರಿಸುವುದು. ಕಾಡಿನ ಮಬ್ಬಿನಲ್ಲಿ ಶಟರ್ ನಿಧಾನ. ಪ್ರಾಣಿ ಅಲುಗಿದರೆ ಚಿತ್ರ ಕಲಸುಮೇಲೋಗರ. ಇದೆಲ್ಲ ಗೊತ್ತಾಗುವುದು ಊರಿಗೆ ಬಂದು ಫಿಲ್ಮು ತೊಳೆಸಿದ ಮೇಲೆ! ಆದ್ದರಿಂದ ಒಂದು ಚಿತ್ರ ತೆಗೆಯುವ ಮುನ್ನ ಹತ್ತು ಸಲ ಯೋಚಿಸಬೇಕಾಗಿತ್ತು. ಈ ಬಡತನವೇ ಪ್ರಾಣಿಗಳಿಗೆ ಒಂದು ರಕ್ಷಣೆಯಾಗಿತ್ತೆಂದು ನನಗೆ ಈಗ ತೋರುತ್ತದೆ. ಆದರೆ ಹಿಂದಿನವರೆಲ್ಲ ಸಾಧುಗಳು, ಈಗಿನವರೆಲ್ಲ ದುಷ್ಟರು ಎಂದು ನಾನು ಹೇಳುತ್ತಿಲ್ಲ. ಗೂಡಿನ ಸುತ್ತಲ ಎಲೆ ಸರಿಸುವುದು, ಕೊಂಬೆ ಕಟ್ಟುವುದು ಅಂದಿನ ದಿನಗಳಲ್ಲಿ ವಿದ್ಯೆಯ ಒಂದು ಭಾಗವೇ ಆಗಿತ್ತು. ಬಲ್ಲವರು ಮರೆಯನ್ನು ದಿನಕ್ಕಿಷ್ಟು ಹತ್ತಿರ ತಂದು, ಕೆಲಸ ಮುಗಿದ ಮೇಲೆ ಕೊಂಬೆಯನ್ನು ಮೊದಲಿದ್ದಂತೆ ಬಿಟ್ಟು ಬರುವರು. ಅರೆಬರೆ ಕಲಿತವರು ಅಷ್ಟು ಮಾಡುತ್ತಿರಲಿಲ್ಲ.

ಅರೆಬರೆ ಕಲಿತವರಲ್ಲಿ ನಾನೂ ಒಬ್ಬ. 1999ರಲ್ಲಿ ಧಾರವಾಡದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ನಮ್ಮ ಕಾಕಾನ ಹಳೆಯ ರಷ್ಯನ್ ಝೆನಿಟ್ ಕ್ಯಾಮರಾ ನನ್ನ ಕೈಗೆ ಬಂತು. ಕಬ್ಬಿಣದ ತುಂಡಿನಷ್ಟು ಭಾರ. ಕೆಲಗೇರಿ ಕೆರೆಯ ಕಡೆ ಒಂದು ಲಂಟಾನದ ಪೊದೆಯಲ್ಲಿ ಪಿಕಳಾರದ ಗೂಡು ಕಂಡಿತು. ನನ್ನ ಲೆನ್ಸಿಗೆ ದೂರದಿಂದ ಏನೂ ಸಿಗದು. ಅಡ್ಡವಾಗಿದ್ದ ಎರಡು ಕೊಂಬೆಗಳನ್ನು ಕತ್ತರಿಸಿದೆ, ಒಂದನ್ನು ದಾರದಿಂದ ಎಳೆದು ಕಟ್ಟಿದೆ. ಬಿಸಿಲು ನೇರ ಗೂಡಿಗೆ ಬಿತ್ತು. ಎಂಥ ಬೆಳಕು! ತಾಯಿ ಬಂದು ಹುಳ ಕೊಡುವ ಚಿತ್ರ ಸಿಕ್ಕಿತು. ದಾರ ಬಿಚ್ಚುವುದು ಮರೆತು ಸಂಭ್ರಮದಿಂದ ಮನೆಗೆ ಬಂದೆ.

ಮರುದಿನ ಹೋದಾಗ ಗೂಡು ಖಾಲಿ. ಹತ್ತಿರದ ಮರದಲ್ಲಿ ಕಾಗೆಗಳಿದ್ದವು. ಪಿಕಳಾರಗಳೆರಡೂ ಪೊದೆಯ ಸುತ್ತ ಕೂಗುತ್ತ ಹಾರುತ್ತಿದ್ದವು. ಎಲೆಯ ಮರೆಯಿದ್ದಷ್ಟು ದಿನ ಕಾಗೆಗೆ ಕಾಣದಿದ್ದುದನ್ನು ನಾನೇ ತೆರೆದು ತೋರಿಸಿದ್ದೆ. ಪ್ರಾಣಿಶಾಸ್ತ್ರ ಓದುತ್ತಿದ್ದವನು ನಾನು! ಆ ಚಿತ್ರವನ್ನು ಕಾಲೇಜಿನ ಸ್ಪರ್ಧೆಗೆ ಕೊಟ್ಟೆ, ಬಹುಮಾನವೂ ಬಂತು. ಖಾಲಿ ಗೂಡಿನ ಸಂಗತಿ ಯಾರಿಗೂ ಹೇಳಲಿಲ್ಲ.

ನೌಕರಿಗೆ ಸೇರಿದ ಮೇಲೆ, ಕಾರಕೂನನ ಚಟ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಒಮ್ಮೆ ಕಲಮು ಕಲಮಾಗಿ ಓದಿದೆ. ಅಭಯಾರಣ್ಯದಲ್ಲಿ ಛಾಯಾಗ್ರಹಣಕ್ಕೆ ಅನುಮತಿ ಕೊಡುವ ಮಾತು 28ನೇ ಕಲಮಿನಲ್ಲಿದೆ; ಅದು ಎಲ್ಲರಿಗೂ ಗೊತ್ತು. ನಾನು ನಿಂತುಬಿಟ್ಟದ್ದು ಎರಡನೆಯ ಕಲಮಿನಲ್ಲಿ, 'ಬೇಟೆ' ಎಂಬ ಪದದ ವ್ಯಾಖ್ಯೆಯ ಮುಂದೆ. ಕೊಲ್ಲುವುದು, ಹಿಡಿಯುವುದು, ಅಟ್ಟುವುದು ಸರಿ. ಅದರ ಜೊತೆಗೇ, ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದನ್ನೂ ಕಾಯಿದೆ ಬೇಟೆ ಎಂದೇ ಕರೆದಿದೆ. ಕೋವಿ ಬಿಟ್ಟು ಕ್ಯಾಮರಾ ಹಿಡಿದವರು ಬೇಟೆಯಿಂದ ದೂರವಾದರೆಂದು ನಾವು ಹೆಮ್ಮೆಪಡುತ್ತೇವೆ. ಕಾಯಿದೆಯ ಕಣ್ಣಿನಲ್ಲಿ ಅಂದು ಕೆಲಗೇರಿಯಲ್ಲಿ ನಾನು ಬೇಟೆಗಾರನೇ.

ಹಾಗಾದರೆ ಕ್ಯಾಮರಾದಿಂದ ಪ್ರಾಣಿಗೆ ಏನೂ ಲಾಭವಿಲ್ಲವೇ? ಇದೆ, ಬಹಳ ದೊಡ್ಡದಿದೆ. ಚಾಂಪಿಯನ್ನರ ತಂತಿಯ ಮಾತು ನೆನಪಿದೆಯಷ್ಟೆ? ಶಿವರಾಮ ಕಾರಂತರ ಮಗ ಡಾ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಅದೇ ಉಪಾಯಕ್ಕೆ ಹೊಸ ಗಣಿತ ಜೋಡಿಸಿದರು. ಹುಲಿಯ ದಾರಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನಿಟ್ಟು, ಪಟ್ಟೆಯಿಂದ ಒಂದೊಂದನ್ನೂ ಗುರುತಿಸಿ, ಒಮ್ಮೆ ಬಂದ ಹುಲಿ ಮತ್ತೆ ಎಷ್ಟು ಸಲ ಬಂತೆಂಬುದರಿಂದ ಒಟ್ಟು ಹುಲಿಗಳ ಅಂದಾಜು ಕಟ್ಟುವ ವಿಧಾನ ಅದು. ಅದಕ್ಕೆ ಮುಂಚೆ ಹೆಜ್ಜೆಗುರುತು ನೋಡಿ ಲೆಕ್ಕ ಬರೆಯುತ್ತಿದ್ದರು. ಒಂದೇ ಹುಲಿ ಎರಡಾಗಿ ಲೆಕ್ಕಕ್ಕೆ ಸೇರುವ ಅವಕಾಶ ಬೇಕಾದಷ್ಟಿತ್ತು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಇಂಥ ಕ್ಯಾಮರಾಗಳಿದ್ದವು. ತೆಗೆದ ಚಿತ್ರಗಳು ಸುಮಾರು ಮೂರೂವರೆ ಕೋಟಿ, ಅದರಲ್ಲಿ ಹುಲಿಯವು 76,651. ಈ ಚಿತ್ರಗಳಲ್ಲಿ ಸೌಂದರ್ಯ ಹುಡುಕಬಾರದು. ಎಷ್ಟೋ ಬಾರಿ ಬಾಲವೊಂದೇ ಬಂದಿರುತ್ತದೆ. ಆದರೂ ನನ್ನ ಮಟ್ಟಿಗೆ ಛಾಯಾಗ್ರಹಣ ಕಾಡಿಗೆ ಕೊಟ್ಟ ಅತಿ ದೊಡ್ಡ ಪ್ರತಿಫಲ ಇದೇ.

ಕೃಪಾಕರ–ಸೇನಾನಿ ಜೋಡಿಯ ಹೆಸರು ಹೇಳದಿದ್ದರೆ ಓದುಗರು ಮುನಿದಾರು. ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ಇವರ ಚಿತ್ರಕ್ಕೆ 2010ರಲ್ಲಿ 'ಹಸಿರು ಆಸ್ಕರ್' ಎನಿಸಿಕೊಂಡ ಪ್ರಶಸ್ತಿ ಬಂತು. ಅದಕ್ಕೆ ಮೊದಲು 1997ರಲ್ಲಿ ವೀರಪ್ಪನ್ ಇವರನ್ನು ಅಪಹರಿಸಿ ಹದಿನಾಲ್ಕು ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. ಈ ಉದ್ಯೋಗದ ಸವಾಲುಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕೇನೋ! ಮೂಡಿಗೆರೆಯ ತೇಜಸ್ವಿಯವರು ಮಾತ್ರ ದೂರ ಹೋದವರಲ್ಲ. ತಮ್ಮ ತೋಟದ ಸುತ್ತಲ ಹಕ್ಕಿಗಳ ಮುಂದೆಯೇ ಗಂಟೆಗಟ್ಟಲೆ ಕುಳಿತರು.

ಇನ್ನು ನಮ್ಮ ಪುಣೆಯ ಸುತ್ತಮುತ್ತ. 1980ರಲ್ಲಿ ಪೂರ್ಣವಾದ ಉಜನಿ ಅಣೆಕಟ್ಟಿನ ಹಿನ್ನೀರಿಗೆ, ಭಿಗವಣದ ಬಳಿ, ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಅಲ್ಲಿ ನಿಂತಿರುವುದು ನಮ್ಮ ವಾಕಡದ ಮುಂದೆ ಹರಿದ ನೀರೇ: ಮುಳಾ ಮುಠೆಯನ್ನು ಕೂಡಿ, ಎರಡೂ ಭೀಮೆಗೆ ಸೇರಿ, ಆ ಭೀಮೆ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹೋಗುತ್ತಾಳೆ. ಒಮ್ಮೆ ಅಲ್ಲಿ ದೋಣಿಯಲ್ಲಿದ್ದ ಒಬ್ಬರು, ರೆಕ್ಕೆಯ ಕೆಂಪು ಬಣ್ಣ ಸಿಗಲೆಂದು, ದೋಣಿಯನ್ನು ಹಿಂಡಿನೊಳಕ್ಕೇ ನಡೆಸಲು ಹಣ ಕೊಡುವುದನ್ನು ಕಂಡೆ. ಹಿಂಡು ಎದ್ದಿತು, ಮತ್ತೊಂದು ಕಡೆ ಕುಳಿತಿತು. ದೋಣಿ ಅಲ್ಲಿಗೂ ಹೋಯಿತು. ತಲೆ ನೀರಿಗಿಳಿಸಿ ತಿನ್ನುತ್ತಿದ್ದ ಹಕ್ಕಿಗಳಿಗೆ ಆ ಬೆಳಿಗ್ಗೆ ತಿನ್ನಲು ಬಿಡುವೇ ಸಿಗಲಿಲ್ಲ. ಇನ್ನು ಕೆಲವರು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕುತ್ತಾರೆ. ತನ್ನ ಜಾಗಕ್ಕೆ ಬೇರೊಂದು ಗಂಡು ಬಂತೆಂದು ಪಾಪದ ಹಕ್ಕಿ ಮರಿಗಳನ್ನು ಬಿಟ್ಟು ಜಗಳಕ್ಕೆ ಓಡಿಬರುತ್ತದೆ. ಇಂದು ಬಹಳಷ್ಟು ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ಒಳ್ಳೆಯದೇ ಆಯಿತು, ಆದರೆ ಮೊಬೈಲಿನಲ್ಲಿ ಹಂಚುವುದಕ್ಕೆ ಯಾವ ತೀರ್ಪುಗಾರರೂ ಇಲ್ಲವಲ್ಲ.

ಅಂದು ಬೆಳಿಗ್ಗೆ ಆ ಹುಡುಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಮೊದಲ ಹೋಗಿ ಆ ದಾರಾ ಬಿಚ್ಚಿ ಬಾ, ಆಮ್ಯಾಲ ಮಾತಾಡೂಣು" ಎಂದೆ. ಅವನ ಮುಖ ಸಣ್ಣದಾಯಿತು. ಇಬ್ಬರೂ ಕೂಡಿಯೇ ಹೋದೆವು. ತಾಯಿಹಕ್ಕಿ ಎದುರಿನ ತಂತಿಯ ಮೇಲೆ ಕುಳಿತು ಬೈಯುತ್ತಿತ್ತು. ದಾರ ಬಿಚ್ಚಿದೊಡನೆ ಕೊಂಬೆ ತನ್ನ ಜಾಗಕ್ಕೆ ಹೋಯಿತು; ಗೂಡು ಎಲ್ಲಿತ್ತೆಂದು ನಮಗೇ ಕಾಣದಾಯಿತು. ಆಮೇಲೆ ಅವನನ್ನು ಮನೆಗೆ ಕರೆದು, ಟ್ರಂಕಿನಿಂದ ನನ್ನ ಚಿತ್ರ ತೆಗೆದು ತೋರಿಸಿ, ಇಷ್ಟು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. "ನಿಮ್ಮದನ್ನ ಪ್ರದರ್ಶನಕ್ಕ ಇಡ್ತೀರೇನ್ರಿ ಕಾಕಾ?" ಎಂದು ಕೇಳಿದ.

ಇಡುತ್ತೇನೆ. ಕಾರ್ಯದರ್ಶಿಗಳಿಗೆ ಕೊಟ್ಟಾಗಿದೆ. ಕೆಳಗಿನ ಚೀಟಿಯಲ್ಲಿ ಬರೆದಿರುವುದು: 'ಪಿಕಳಾರ ಮತ್ತು ಮರಿಗಳು, ಕೆಲಗೇರಿ, ಧಾರವಾಡ, 1999. ಕೊಂಬೆಗಳನ್ನು ಕತ್ತರಿಸಿ ತೆಗೆದ ಚಿತ್ರ. ಮರುದಿನ ಮರಿಗಳಿರಲಿಲ್ಲ.'