ಕುಣಿ ತೋಡಿ ನೆಟ್ಟ ಕಂಬಗಳು

ನಮ್ಮ ಸೊರಬದ ಕಡೆ ಬೇಲಿ ಹಾಕುವವರು ಗೂಟ ನಿಲ್ಲಿಸಿದ ಕೂಡಲೇ ಕೊಡತಿ ಬೀಸುವುದಿಲ್ಲ. ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಬಡಿದರೆ ಗೂಟದ ತಲೆ ಸೀಳೀತೇ ಹೊರತು ನೆಲ ದಾರಿ ಬಿಡದು. ಮೊದಲು ಹಾರೆಯಿಂದ ಕುಣಿ ಮಾಡಬೇಕು. ಅದು ಗೂಟಕ್ಕಿಂತ ತುಸು ಸಣ್ಣದಿರಬೇಕು, ಆಳವೂ ಒಂದು ಗೇಣು ಕಡಿಮೆ. ಆ ಕೊನೆಯ ಗೇಣನ್ನು ಹೊಡೆದೇ ಇಳಿಸಬೇಕು. ಕುಣಿ ಅಗಲವಾಯಿತೋ, ಎಮ್ಮೆಯೊಂದು ಮೈ ತಿಕ್ಕಿದರೆ ಬೇಲಿ ಮಲಗಿತು.

ಕರಾವಳಿಯಲ್ಲಿ ಸೇತುವೆ ಕೆಲಸದ ಸೂಪರ್‌ವೈಸರ್ ಆಗಿದ್ದಾಗ ಅಡಿಪಾಯಕ್ಕೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಅಂದರೆ ಪೈಲಿನದೂ ಇದೇ ಲೆಕ್ಕವೆಂದು ತಿಳಿಯಿತು. ಗಟ್ಟಿ ಪದರಕ್ಕೆ ಹೊಡೆಯುತ್ತಲೇ ಇದ್ದರೆ ಪೈಲಿನ ತಲೆ ಒಡೆಯುತ್ತದೆ, ಅಕ್ಕಪಕ್ಕದ ಗೋಡೆಗಳು ನಡುಗುತ್ತವೆ. ಮೊದಲೇ ಕೊರೆದರೆ ಸಲೀಸು. ಆದರೆ ಪೈಲು ಭಾರ ಹೊರುವುದು ತುದಿಯಿಂದ ಮಾತ್ರವಲ್ಲ, ಮೈಗೆ ಒತ್ತಿಕೊಂಡ ಮಣ್ಣಿನ ಘರ್ಷಣೆಯಿಂದಲೂ ಹೌದು. ಅಗಲ ಕೊರೆದಷ್ಟೂ ಆ ಹಿಡಿತ ಹೋಗುತ್ತದೆ. ಬೇಗ ಮುಗಿಸುವ ಆಸೆಯ ಗುತ್ತಿಗೆದಾರರಿಗೆ ಇದನ್ನು ಹೇಳುವುದೇ ಕಷ್ಟ.

ಕಲ್ಲಿನ ದಾರಿ ಬೇರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯೆದುರಿನ ಎಂಟು ಮುಖದ ಕಂಬ ಐದನೆಯ ಶತಮಾನದ್ದು. ಕದಂಬ ಶಾಂತಿವರ್ಮನ ಕಾಲದಲ್ಲಿ ಅದರ ಶಾಸನ ರಚಿಸಿದವನು ಕವಿ ಕುಬ್ಜ. ಬಳ್ಳಿಗಾವೆಯ ಗಂಡಭೇರುಂಡ ಕಂಬವನ್ನು 1047ರಲ್ಲಿ ನಿಲ್ಲಿಸಿದವನು ಚಾವುಂಡರಾಯರಸ. ಎತ್ತರ ಸುಮಾರು 30 ಅಡಿ. ಇಂಥವನ್ನು ಬಡಿದು ಇಳಿಸುವ ಮಾತೇ ಇಲ್ಲ. ಸೊರಬದ ಹೊಲ, ಕೆರೆ ಏರಿಗಳಲ್ಲಿ ಸಿಗುವ ವೀರಗಲ್ಲು, ಮಾಸ್ತಿಗಲ್ಲುಗಳೂ ಹಾಗೆಯೇ. ಕಲ್ಲಿಗಿಂತ ಅಗಲವಾದ ಕುಣಿ ತೋಡಿ, ಬುಡ ಇಳಿಸಿ, ಸಂದಿಗೆ ಜಲ್ಲಿ ಮಣ್ಣು ತುಂಬಿ ದಮ್ಮಸು ಮಾಡುವುದು ನಾನು ಕಂಡ ಪದ್ಧತಿ. ಇಲ್ಲಿ ಹಿಡಿತವೆಲ್ಲ ತುಂಬಿದ್ದರಲ್ಲಿ.

ಪೈಲುಗಳ ಭಾರತೀಯ ಮಾನಕ ಐಎಸ್ 2911 ಇವೆರಡನ್ನೂ ಬೇರೆ ಬೇರೆ ವಿಭಾಗಗಳಲ್ಲಿ ಇಟ್ಟಿದೆ: ಹೊಡೆದು ಇಳಿಸುವ ಪೈಲು ಒಂದು, ಮೊದಲೇ ಕೊರೆದ ಕುಣಿಗೆ ಇಳಿಸಿ ಸಂದಿಗೆ ಸಿಮೆಂಟ್ ಗ್ರೌಟ್ ತುಂಬುವ ಪೈಲು ಇನ್ನೊಂದು. ನನ್ನ ಮಟ್ಟಿಗೆ ವೀರಗಲ್ಲು ನೆಟ್ಟವರು ಎರಡನೆಯ ಬಗೆಯವರು, ಬೇಲಿಯವರು ಮೊದಲನೆಯದರವರು.

ಶಾಸನತಜ್ಞ ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಅಚ್ಚು ಹಾಕಿಸಿದರು. ಆದರೆ ಇಂಥ ಕಲ್ಲುಗಳ ಅಕ್ಷರ ಓದಿದಷ್ಟು ಬುಡ ನೋಡಿದವರು ಕಡಿಮೆ. ರಸ್ತೆಗೋ ಮನೆಗೋ ಹಳೆಯ ಕಲ್ಲನ್ನು ಸರಿಸಲೇಬೇಕಾಗಿ ಬಂದರೆ, ಪುರಾತತ್ವ ಇಲಾಖೆಗೆ ಮೊದಲು ತಿಳಿಸಿ. ಕುಣಿಯ ಅಗಲ, ಆಳ, ಒಳಗೆ ತುಂಬಿದ್ದೇನು ಎಂಬುದನ್ನು ಅಳೆದು ಬರೆದುಕೊಂಡ ಮೇಲೆಯೇ ಕುಣಿ ಮುಚ್ಚಿ.