ಹಲವು ದೊರೆಗಳ ಮಂತ್ರಿ: ಫೆಂಗ್ ದಾವೊ

ಸಿಂಹಾಸನವು ಸ್ಥಿರವಾಗಿರುವಾಗ ರಾಜನಿಷ್ಠೆಯು ಅಷ್ಟೇನೂ ಕಷ್ಟವಾದ ಗುಣವಲ್ಲ. ಆ ಸಿಂಹಾಸನವೇ ಪದೇ ಪದೇ ಕೈಬದಲಾಗುತ್ತಿದ್ದರೆ ಅಧಿಕಾರಿಯಾದವನು ಯಾರಿಗೆ ನಿಷ್ಠನಾಗಿರತಕ್ಕದ್ದು? ಚೀನಾ ದೇಶದ ಚರಿತ್ರೆಯಲ್ಲಿ ಫೆಂಗ್ ದಾವೊ ಎಂಬ ಮಂತ್ರಿಯ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ತಾಂಗ್ ಸಾಮ್ರಾಜ್ಯವು 907ರಲ್ಲಿ ಅಳಿಯಿತು. 960ರಲ್ಲಿ ಸುಂಗ್ ವಂಶವು ನೆಲೆಗೊಳ್ಳುವುದರೊಳಗೆ, 53 ವರ್ಷಗಳಲ್ಲಿ, ಉತ್ತರ ಚೀನಾದಲ್ಲಿ ಐದು ರಾಜವಂಶಗಳು ಎದ್ದು ಬಿದ್ದುವು. ಇಂದಿನ ಸೇನಾನಿಯೇ ನಾಳೆಯ ಚಕ್ರವರ್ತಿ. 882ರಲ್ಲಿ ಹುಟ್ಟಿದ ಫೆಂಗ್ ದಾವೊ ಈ ಐದರಲ್ಲಿ ನಾಲ್ಕು ವಂಶಗಳಿಗೂ, ನಡುವೆ ಕೈಫೆಂಗ್ ನಗರವನ್ನು ಹಿಡಿದ ಖಿತಾನರ ದೊರೆಗೂ ಸೇವೆ ಸಲ್ಲಿಸಿ, 954ರಲ್ಲಿ ಗೌರವದಿಂದಲೇ ಮೃತನಾದನು.

ಅವನ ಮೇಲಿನ ಆರೋಪವು ಲಘುವಾದುದಲ್ಲ. 934ರಲ್ಲಿ ದಂಗೆಯೆದ್ದ ರಾಜಕುಮಾರನೊಬ್ಬನು ಲೋಯಾಂಗ್ ನಗರದ ಮೇಲೆ ದಂಡೆತ್ತಿ ಬಂದಾಗ ಎಳೆಯ ಚಕ್ರವರ್ತಿಯು ಓಡಿಹೋದನು. ಅವನು ಇನ್ನೂ ಜೀವಂತನಾಗಿರುವಾಗಲೇ, ಗೆದ್ದವನು ಪಟ್ಟವೇರಬೇಕೆಂಬ ಬಿನ್ನವತ್ತಳೆಯನ್ನು ಸಿದ್ಧಪಡಿಸುವಂತೆ ಫೆಂಗ್ ದಾವೊ ಸಹೋದ್ಯೋಗಿಗೆ ಹೇಳಿದನು. ಓಡಿಹೋದ ದೊರೆಯು ಸ್ವಲ್ಪಕಾಲದಲ್ಲಿಯೇ ಕೊಲೆಯಾದನು. ಸುಂಗ್ ಕಾಲದ ಚರಿತ್ರಕಾರ ಓಯಾಂಗ್ ಷಿಯು ಇಂತಹವನನ್ನು ನಾಚಿಕೆಗೆಟ್ಟವನೆಂದು ಕರೆದನು. ಪರಪುರುಷನು ಹಿಡಿದೆಳೆದುದಕ್ಕಾಗಿ ತನ್ನ ತೋಳನ್ನೇ ಕಡಿದುಕೊಂಡ ವಿಧವೆಯೊಬ್ಬಳ ಕಥೆಯನ್ನು ಮೊದಲು ಹೇಳಿ, ಅನಂತರವೇ ಈ ಮಂತ್ರಿಯ ಚರಿತ್ರೆಗೆ ಕೈಹಾಕಿದನು. ಸಿಮಾ ಗುವಾಂಗನ ತೀರ್ಪೂ ಇದೇ.

ಆದರೆ ಇನ್ನೊಂದು ಪಕ್ಕವೂ ಉಂಟು. ಯುದ್ಧದ ಪಾಳೆಯದಲ್ಲಿ ಫೆಂಗ್ ದಾವೊ ಹುಲ್ಲಿನ ಗುಡಿಸಲಿನಲ್ಲಿದ್ದು, ಆಳುಗಳು ಉಂಡುದನ್ನೇ ಉಣ್ಣುತ್ತಿದ್ದನು. ಸೇನಾಪತಿಗಳು ಸೆರೆಹಿಡಿದ ಹೆಣ್ಣುಗಳನ್ನು ಕಾಣಿಕೆಯಾಗಿ ತಂದರೆ, ಅವರನ್ನು ಬೇರೆ ಮನೆಯಲ್ಲಿರಿಸಿ, ಬಂಧುಗಳನ್ನು ಹುಡುಕಿಸಿ ಒಪ್ಪಿಸುತ್ತಿದ್ದನು. 947ರಲ್ಲಿ ಖಿತಾನರ ಚಕ್ರವರ್ತಿಯು ಪ್ರಜೆಗಳನ್ನು ಕಾಪಾಡುವ ಬಗೆ ಯಾವುದೆಂದು ಕೇಳಿದನು. ಬುದ್ಧನೇ ಬಂದರೂ ಆಗದ ಆ ಕಾರ್ಯವು ಚಕ್ರವರ್ತಿಯೊಬ್ಬನಿಂದಲೇ ಆಗಬೇಕೆಂದು ಇವನು ಬಿನ್ನವಿಸಿದನು. ಇದು ಮುಖಸ್ತುತಿಯೇ ಸರಿ. ಆದರೆ ಉತ್ತರ ಚೀನಾದ ಜನರು ನಿರ್ಮೂಲವಾಗದೆ ಉಳಿದುದು ಈ ಮಾತಿನಿಂದಲೇ ಎಂದು ಅಂದಿನವರು ನಂಬಿದ್ದರು.

ಅವನನ್ನು ಬರಿಯ ಹೊಗಳುಭಟನೆಂದು ತಳ್ಳಿಹಾಕುವಂತೆಯೂ ಇಲ್ಲ. 954ರಲ್ಲಿ ಹೊಸದಾಗಿ ಪಟ್ಟವೇರಿದ ಚಕ್ರವರ್ತಿಯು ತಾನೇ ದಂಡಿನೊಡನೆ ಹೊರಡಲು, ವೃದ್ಧಮಂತ್ರಿಯು ಮುಖಕ್ಕೆ ಹೊಡೆದಂತೆ ಬೇಡವೆಂದನು. ಯುದ್ಧದಲ್ಲಿ ದೊರೆಯೇ ಗೆದ್ದನು. ಮಂತ್ರಿಯ ಎಣಿಕೆ ತಪ್ಪಾಯಿತು, ಎದೆಗಾರಿಕೆ ಸುಳ್ಳಾಗಲಿಲ್ಲ.

ಇನ್ನು ಅವನ ಹಿರಿಯ ಕಾರ್ಯ. 932ರಲ್ಲಿ ಕನ್‌ಫ್ಯೂಷಿಯಸ್ ಸಂಪ್ರದಾಯದ ಶಾಸ್ತ್ರಗ್ರಂಥಗಳನ್ನು ಮರದ ಹಲಗೆಗಳ ಮೇಲೆ ಕೆತ್ತಿಸಿ ಅಚ್ಚುಹಾಕಿಸಬೇಕೆಂದು ಅವನೂ ಅವನ ಸಹೋದ್ಯೋಗಿಗಳೂ ಸೂಚಿಸಿದರು. ಕೆಲಸವು 953ರಲ್ಲಿ ಮುಗಿಯಿತು. ಅಷ್ಟರಲ್ಲಿ ಆಳುವ ವಂಶವು ಮೂರು ಬಾರಿ ಬದಲಾಗಿದ್ದಿತು. ಕೆತ್ತುವವರ ಕೈ ಮಾತ್ರ ನಿಲ್ಲಲಿಲ್ಲ. ಸ್ವಾಮಿನಿಷ್ಠೆಯನ್ನು ಬೋಧಿಸುವ ಗ್ರಂಥಗಳು ಅಚ್ಚಿನಲ್ಲಿ ಹರಡುವುದಕ್ಕೆ ಹೀಗೆ ದಾರಿಮಾಡಿದವನನ್ನು, ಅವನ್ನೇ ಓದಿ ಬೆಳೆದ ಮುಂದಿನ ತಲೆಮಾರಿನ ಪಂಡಿತರು ಸ್ವಾಮಿದ್ರೋಹಿಯೆಂದು ಜರೆದರು!

ಆ ಪಂಡಿತರು ಬರೆದುದು ಒಂದೇ ವಂಶವು ನೂರು ವರ್ಷ ಆಳಿದ ಕಾಲದಲ್ಲಿ ಎಂಬುದನ್ನು ನಾವು ಮರೆಯಲಾಗದು. ಆದರೂ ಅವರ ಆಕ್ಷೇಪಣೆಯಲ್ಲಿ ಒಂದು ತಿರುಳುಂಟು. ಫೆಂಗ್ ದಾವೊವಿನಂತಹ ಸಜ್ಜನನು ಸ್ವಾಗತಿಸಿದುದರಿಂದಲೇ ಪ್ರತಿಯೊಬ್ಬ ಅಪಹಾರಿಗೂ ನ್ಯಾಯದ ವೇಷ ದೊರೆಯಿತು. ಅವನು ಉಳಿಸಿದ ಪ್ರಾಣಗಳನ್ನೂ, ಅವನು ಕೈಬಿಟ್ಟ ಆ ಎಳೆಯ ದೊರೆಯನ್ನೂ ಒಂದೇ ಲೆಕ್ಕದಲ್ಲಿ ಬರೆದುಕೊಳ್ಳದೆ ನಾವು ಅವನಿಗೆ ತೀರ್ಪು ಕೊಡಲಾಗದು.