ಏಳು ಸಾವಿರ ಡಾಲರ್ ಸಿನಿಮಾ: ಲೆಕ್ಕಕ್ಕೆ ಸೇರದ ಖರ್ಚು

ಇವತ್ತಿನ ಸಂಚಿಕೆ ಒಂದು ಅಂಕಿಯ ಬಗ್ಗೆ. 7,225 ಡಾಲರ್.

ಕಿರುಚಿತ್ರ ಮಾಡೋ ಹುಡುಗರ ಜೊತೆ ಹತ್ತು ನಿಮಿಷ ಕೂತರೆ ಸಾಕು, ಈ ಕಥೆ ಬಂದೇ ಬರುತ್ತೆ. ಅಮೆರಿಕದಲ್ಲಿ ಒಬ್ಬ ಏಳು ಸಾವಿರ ಡಾಲರ್‌ನಲ್ಲಿ ಪೂರ್ತಿ ಸಿನಿಮಾ ಮಾಡಿ ಹಾಲಿವುಡ್‌ಗೆ ಮಾರಿದನಂತೆ! ಹೌದು, ಮಾರಿದ. ಹೆಸರು ರಾಬರ್ಟ್ ರಾಡ್ರಿಗಸ್, ಸಿನಿಮಾ 'ಎಲ್ ಮಾರಿಯಾಚಿ', ಶೂಟಿಂಗ್ ಆಗಿದ್ದು 1991ರ ಬೇಸಿಗೆಯಲ್ಲಿ. ಅಂಕಿಯೂ ಸುಳ್ಳಲ್ಲ. ಆದರೆ ನಾನು ಓದಿದ್ದು ಬಿ.ಕಾಂ. ಯಾರಾದರೂ ಖರ್ಚಿನ ಮೊತ್ತ ಒಂದನ್ನೇ ಹೇಳಿದರೆ, ಇದರಲ್ಲಿ ಏನೇನು ಸೇರಿದೆ, ಏನೇನು ಬಿಟ್ಟಿದ್ದೀರಿ ಅಂತ ಕೇಳೋದು ಚಟ ಆಗಿಬಿಟ್ಟಿದೆ. ಈ ಏಳು ಸಾವಿರದಲ್ಲಿ ಬಿಟ್ಟಿರೋದೇ ಜಾಸ್ತಿ.

ರಾಬರ್ಟ್ ಹುಟ್ಟಿದ್ದು 1968ರಲ್ಲಿ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಮನೆಯಲ್ಲಿ ಹತ್ತು ಮಕ್ಕಳು, ಇವನು ಮೂರನೆಯವನು. ಅಪ್ಪ ಅಡುಗೆ ಪಾತ್ರೆ ಮಾರುತ್ತಿದ್ದರು, ಅಮ್ಮ ನರ್ಸ್. ಆ ಅಪ್ಪ ಒಂದು ದಿನ ವಿಸಿಆರ್ ತಂದರು, ಜೊತೆಗೆ ಒಂದು ಕ್ಯಾಮೆರಾ. ಕ್ಯಾಮೆರಾಕ್ಕೂ ವಿಸಿಆರ್‌ಗೂ ಮಧ್ಯೆ ಕೇಬಲ್ ಇರುತ್ತಿದ್ದ ಕಾಲ ಅದು. ಕೇಬಲ್ ಎಲ್ಲಿಗೆ ಮುಟ್ಟುತ್ತೋ ಅಲ್ಲಿಗೇ ಶೂಟಿಂಗ್ ಮುಗೀತು. ನಟರಿಗೇನೂ ಬರ ಇರಲಿಲ್ಲ, ತಮ್ಮ ತಂಗಿಯರ ದಂಡೇ ಮನೆಯಲ್ಲಿತ್ತಲ್ಲ.

ಎಡಿಟಿಂಗ್ ಹೇಗೆ ಅಂತ ಕೇಳಿ. ಎರಡು ವಿಸಿಆರ್ ಜೋಡಿಸೋದು, ಒಂದರಲ್ಲಿ ಪ್ಲೇ ಮಾಡಿ ಇನ್ನೊಂದರಲ್ಲಿ ರೆಕಾರ್ಡ್ ಮಾಡೋದು, ಬೇಡದ ಕಡೆ ಪಾಸ್ ಒತ್ತೋದು. ಇದರಲ್ಲಿ ಹಿಂದೆ ಹೋಗಿ ತಿದ್ದೋ ಹಾಗಿಲ್ಲ. ಮೂರನೇ ಶಾಟ್ ಉದ್ದ ಆಯ್ತು ಅನಿಸಿದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ ಮಾಡಬೇಕು. ಪ್ರತಿ ಸಲ ಕಾಪಿ ಮಾಡಿದಾಗಲೂ ಚಿತ್ರ ಮಸುಕಾಗುತ್ತೆ. ಹಾಗಾಗಿ ತೆಗೆಯೋದಕ್ಕೆ ಮೊದಲೇ ಇಡೀ ಸಿನಿಮಾ ತಲೆಯಲ್ಲಿ ಓಡಿಸಿಕೊಂಡು, ಬೇಕಾದಷ್ಟನ್ನೇ ತೆಗೆಯೋದು ಹುಡುಗನಿಗೆ ಅಭ್ಯಾಸ ಆಯ್ತು. ಈ ಅಭ್ಯಾಸಕ್ಕೆ ಯಾರೂ ರಸೀದಿ ಬರೆದುಕೊಟ್ಟಿಲ್ಲ. ಆದರೆ ಅಕುನ್ಯಾದಲ್ಲಿ ದುಡ್ಡು ಉಳಿಸಿದ್ದು ಇದೇ. ಅಕುನ್ಯಾ ಎಲ್ಲಿದೆ ಅಂತ ಈಗ ಹೇಳ್ತೀನಿ.

ಹೈಸ್ಕೂಲಿನಲ್ಲಿ ಇವನಿಗೆ ಫುಟ್‌ಬಾಲ್ ಪಂದ್ಯಗಳ ವಿಡಿಯೊ ತೆಗೆಯೋ ಕೆಲಸ ಸಿಕ್ಕಿತು. ಸ್ವಲ್ಪ ದಿನಕ್ಕೇ ಕಿತ್ತು ಹಾಕಿದರು. ಕೋಚ್‌ಗೆ ಬೇಕಾಗಿದ್ದು ಮೈದಾನದಲ್ಲಿ ಯಾರು ಎಲ್ಲಿ ಓಡಿದರು ಅನ್ನೋದು. ಇವನು ತೆಗೆದಿದ್ದು ಗಾಳಿಯಲ್ಲಿ ಹಾರೋ ಚೆಂಡು, ಅದನ್ನು ನೋಡ್ತಾ ಕೂತ ಅಪ್ಪ ಅಮ್ಮಂದಿರ ಮುಖ. (ನಮ್ಮಲ್ಲಿ ಮದುವೆ ವಿಡಿಯೊ ತೆಗೆಯೋಕೆ ಹೋದವನು ಧಾರೆ ಬಿಟ್ಟು ಅಡುಗೆ ಭಟ್ಟರ ಕೈ ತೆಗೆದುಕೊಂಡು ಬಂದರೆ ಏನಾಗುತ್ತೆ, ಯೋಚಿಸಿ.) ಅದೇ ಶಾಲೆಯಲ್ಲಿ ಸಿಕ್ಕ ಗೆಳೆಯ ಕಾರ್ಲೋಸ್ ಗಯಾರ್ಡೊ. ಅವನ ಊರು ಗಡಿಯಾಚೆ ಮೆಕ್ಸಿಕೊದ ಸಿಯುದಾದ್ ಅಕುನ್ಯಾ. ರಜೆ ಬಂದರೆ ಇಬ್ಬರೂ ಅಲ್ಲಿ ಹೊಡೆದಾಟದ ವಿಡಿಯೊ ಸಿನಿಮಾ ಮಾಡೋರು. ಈ ಗೆಳೆತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ. ಫಿಲ್ಮ್ ವಿಭಾಗಕ್ಕೆ ಸೇರೋಷ್ಟು ಮಾರ್ಕ್ಸ್ ಬರಲಿಲ್ಲ. ಸುಮ್ಮನೆ ಕೂರೋ ಆಸಾಮಿಯಲ್ಲ, ವಿಶ್ವವಿದ್ಯಾಲಯದ 'ಡೈಲಿ ಟೆಕ್ಸನ್' ಪತ್ರಿಕೆಗೆ 'ಲಾಸ್ ಹೂಲಿಗನ್ಸ್' ಅಂತ ಕಾರ್ಟೂನ್ ಪಟ್ಟಿ ಬರೆಯತೊಡಗಿದ. ಪಾತ್ರಗಳು ಮತ್ತೆ ಅವೇ ತಮ್ಮ ತಂಗಿಯರು. ಮನೆಯವರನ್ನೇ ಹಾಕಿಕೊಂಡು ಮಾಡಿದ ವಿಡಿಯೊಗಳನ್ನು ಸ್ಥಳೀಯ ಸ್ಪರ್ಧೆಯೊಂದಕ್ಕೆ ಕಳಿಸಿದ, ಗೆದ್ದ. ಫಿಲ್ಮ್ ವಿಭಾಗದ ಬಾಗಿಲು ತೆರೆದದ್ದು ಆಮೇಲೆ. ಅಲ್ಲಿ 16 ಎಂಎಂ ಕ್ಯಾಮೆರಾ ಮೊದಲ ಸಲ ಕೈಗೆ ಸಿಕ್ಕಾಗ ಮಾಡಿದ ಕಿರುಚಿತ್ರ 'ಬೆಡ್‌ಹೆಡ್', 1991. ತಂಗಿ, ಅವಳನ್ನು ಕಾಡೋ ಅಣ್ಣ, ಅಷ್ಟೇ ಕಥೆ. ಚಿತ್ರೋತ್ಸವಗಳಲ್ಲಿ ಬಹುಮಾನ ಬಂತು.

ಈಗ ಬಂಡವಾಳದ ವಿಷಯ. ರಾಬರ್ಟ್ ತನ್ನ ಪಾಲಿನ ದುಡ್ಡು ಹೊಂದಿಸಿದ್ದು ಔಷಧ ಪರೀಕ್ಷೆಗೆ ಮೈ ಒಡ್ಡಿ. ಕೊಲೆಸ್ಟರಾಲ್ ಇಳಿಸೋ ಮಾತ್ರೆಯ ಪ್ರಯೋಗ ಅದು. ಒಂದು ತಿಂಗಳು ಆಸ್ಪತ್ರೆಯಂಥ ಜಾಗದಲ್ಲಿ ಇರಬೇಕು, ಹೊರಗೆ ಹೋಗೋ ಹಾಗಿಲ್ಲ, ಸಿಗೋದು ಸುಮಾರು 3 ಸಾವಿರ ಡಾಲರ್. ಅಲ್ಲೇ ಕೂತು ಚಿತ್ರಕಥೆ ಬರೆದ. ಅಲ್ಲೇ ಖಳನಾಯಕನೂ ಸಿಕ್ಕ. ಪೀಟರ್ ಮಾರ್ಕ್ವಾರ್ಟ್ ಅಂತ, ಅವನೂ ಅದೇ ಪರೀಕ್ಷೆಗೆ ಬಂದವನು. ಸ್ಪ್ಯಾನಿಷ್ ಬರ್ತಿರಲಿಲ್ಲ, ಇಡೀ ಸಿನಿಮಾ ಸ್ಪ್ಯಾನಿಷ್. ಅರ್ಥ ಗೊತ್ತಿಲ್ಲದ ಮಾತನ್ನು ಬಾಯಿಪಾಠ ಮಾಡಿ ಹೇಳಿದ.

ಕಥೆ ಸರಳ. ಗಿಟಾರ್ ಪೆಟ್ಟಿಗೆ ಹಿಡಿದ ಹಾಡುಗಾರ ಒಂದು ಊರಿಗೆ ಬರ್ತಾನೆ. ಅದೇ ಹೊತ್ತಿಗೆ ಗಿಟಾರ್ ಪೆಟ್ಟಿಗೆಯಲ್ಲಿ ಬಂದೂಕು ತುಂಬಿಕೊಂಡ ಕೊಲೆಗಾರನೂ ಬರ್ತಾನೆ. ಇಬ್ಬರೂ ಕಪ್ಪು ಬಟ್ಟೆ. ಯಾಕೆ ಗಿಟಾರ್, ಯಾಕೆ ಆ ಊರು? ಕೈಯಲ್ಲಿ ಏನಿದೆಯೋ ಅದನ್ನು ಮೊದಲು ಪಟ್ಟಿ ಮಾಡಿ, ಆಮೇಲೆ ಕಥೆ ಬರೆದದ್ದು. ಅಕುನ್ಯಾದ ಬೀದಿ, ಬಾರು, ಬಸ್ಸು, ಜೈಲು, ಒಂದು ನಾಯಿ, ಒಂದು ಆಮೆ ಎಲ್ಲ ಸಿನಿಮಾಕ್ಕೆ ಬಂದದ್ದು ಹಾಗೆ. ನಾಯಕ ಕಾರ್ಲೋಸ್. ಊರಿನ ಪರಿಚಯ, ಜನರ ವಿಶ್ವಾಸ ಅವನದ್ದು. ಪೊಲೀಸರು ತಮ್ಮ ನಿಜವಾದ ಬಂದೂಕುಗಳನ್ನೇ ಎರವಲು ಕೊಟ್ಟರು. ನಮ್ಮ ಭಾಷೆಯಲ್ಲಿ ಇದಕ್ಕೆ ಗುಡ್‌ವಿಲ್ ಅಂತಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಬರೆಯಬಹುದಾದ ಆಸ್ತಿ ಅದು. 7,225ರಲ್ಲಿ ಅದರ ಬೆಲೆ ಸೊನ್ನೆ.

ಹದಿನಾಲ್ಕು ದಿನ ಶೂಟಿಂಗ್. ಸಿಬ್ಬಂದಿ ಅಂತ ಯಾರೂ ಇಲ್ಲ. ಆ ದೃಶ್ಯದಲ್ಲಿ ಪಾತ್ರ ಇಲ್ಲದವರು ದೀಪ ಹಿಡಿಯಬೇಕು. ಟ್ರಾಲಿ ಬದಲು ಗಾಲಿಕುರ್ಚಿ. ಎರವಲು ಕ್ಯಾಮೆರಾ ಸದ್ದು ಮಾಡ್ತಿತ್ತು, ಹಾಗಾಗಿ ಮೊದಲು ಚಿತ್ರ, ಆಮೇಲೆ ಅದೇ ಜಾಗದಲ್ಲಿ ಮಾತು ಮತ್ತೆ ಹೇಳಿಸಿ ಕ್ಯಾಸೆಟ್‌ಗೆ ರೆಕಾರ್ಡು. ಎರಡೂ ಸರಿಯಾಗಿ ಕೂಡಲ್ವಲ್ಲ? ತುಟಿಗೂ ಮಾತಿಗೂ ತಾಳ ತಪ್ಪಿದ ತಕ್ಷಣ ಬೇರೆ ಶಾಟಿಗೆ, ಬೇಕಾದರೆ ನಾಯಿಯ ಮುಖಕ್ಕೆ ಕಟ್ ಮಾಡೋದು. ಈ ಸಿನಿಮಾದ ಎಡಿಟಿಂಗ್ ವೇಗವನ್ನು ಆಮೇಲೆ ಎಲ್ಲರೂ ಹೊಗಳಿದರು. ಅದರಲ್ಲಿ ಅರ್ಧ ಹುಳುಕು ಮುಚ್ಚೋ ಕೆಲಸ.

ನನಗೆ ಬಹಳ ಇಷ್ಟವಾದ ಸಂಗತಿ ಎಳನೀರಿನದು. ನಾಯಕ ಊರಿಗೆ ಬಂದ ತಕ್ಷಣ ಎಳನೀರು ತಗೊಂಡು ಕುಡೀತಾನೆ. ದುಡ್ಡು ಕೊಡೋ ಶಾಟ್ ತೆಗೆಯೋದನ್ನೇ ಮರೆತಿದ್ದಾರೆ! ಎಡಿಟಿಂಗ್ ಮಾಡುವಾಗ ಗೊತ್ತಾಯ್ತು. ವಾಪಸ್ ಹೋದರೆ ಖರ್ಚು. ಆದ್ದರಿಂದ ಈ ಊರಲ್ಲಿ ಎಳನೀರು ಬಿಟ್ಟಿ ಅಂತ ಹಿನ್ನೆಲೆ ಧ್ವನಿಯಲ್ಲಿ ಒಂದು ಮಾತು ಸೇರಿಸಿಬಿಟ್ಟ. ಎರಡು ವಿಸಿಆರ್ ಇಟ್ಟುಕೊಂಡು ವರ್ಷಗಟ್ಟಲೆ ಒದ್ದಾಡಿದವನಿಗೆ ಮಾತ್ರ ಇಂಥ ಉಪಾಯ ಅಷ್ಟು ಬೇಗ ಹೊಳೆಯೋದು.

ದುಡ್ಡಿನ ಬಹುಪಾಲು ಹೋಗಿದ್ದು ಫಿಲ್ಮ್ ರೀಲಿಗೆ, ಅದನ್ನು ತೊಳೆಸೋಕೆ, ವಿಡಿಯೊಗೆ ವರ್ಗಾಯಿಸೋಕೆ. ಹೆಚ್ಚಾಗಿ ಒಂದೇ ಟೇಕ್. ಎಡಿಟಿಂಗ್ ವಿಡಿಯೊದಲ್ಲೇ, ಥಿಯೇಟರಿಗೆ ಬೇಕಾದ ಫಿಲ್ಮ್ ಪ್ರಿಂಟ್ ಮಾಡಿಸಲೇ ಇಲ್ಲ. ಯಾಕೆಂದರೆ ಇದು ಥಿಯೇಟರಿಗೆ ಅಂತ ಮಾಡಿದ್ದೇ ಅಲ್ಲ! ಸ್ಪ್ಯಾನಿಷ್ ವಿಡಿಯೊ ಕ್ಯಾಸೆಟ್ ಮಾರುಕಟ್ಟೆಗೆ ಇಂಥ ಎರಡು ಮೂರು ಸಿನಿಮಾ ಮಾಡಿ ಮಾರೋದು, ಯಾರ ಕಣ್ಣಿಗೂ ಬೀಳದ ಹಾಗೆ ಕೆಲಸ ಕಲಿಯೋದು, ಅದು ಯೋಜನೆ.

ಲಾಸ್ ಏಂಜಲೀಸ್‌ಗೆ ಕ್ಯಾಸೆಟ್ ಮಾರೋಕೆ ಹೋದಾಗ ಟ್ರೇಲರ್ ಒಬ್ಬ ಏಜೆಂಟ್ ಕೈಗೆ ಸಿಕ್ಕಿತು, ಕೊನೆಗೆ ಕೊಲಂಬಿಯಾ ಪಿಕ್ಚರ್ಸ್ ಜೊತೆ ಒಪ್ಪಂದ ಆಯ್ತು. ಇಲ್ಲಿಂದ ಮುಂದೆ 'ಅವರು' ಅನ್ನೋಣ, ಗೌರವ ಕೊಡಬೇಕಲ್ಲ. ಈಗ ಲೆಕ್ಕದ ಎರಡನೇ ಪುಟ ತೆರೆಯುತ್ತೆ. ಥಿಯೇಟರಿಗೆ ತರಲು 35 ಎಂಎಂ ಪ್ರಿಂಟ್ ಬೇಕು, ಶಬ್ದ ಹೊಸದಾಗಿ ಕೂರಿಸಬೇಕು. ಇದಕ್ಕೇ ಕೊಲಂಬಿಯಾ ಲಕ್ಷಗಟ್ಟಲೆ ಡಾಲರ್ ಸುರಿಯಿತು, ಜಾಹೀರಾತಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಜನ ಟಿಕೆಟ್ ಕೊಟ್ಟು ನೋಡಿದ್ದು ಏಳು ಸಾವಿರದ ಸಿನಿಮಾವನ್ನಲ್ಲ. ಏಳು ಸಾವಿರ ಅನ್ನೋ ಮಾತು ಮಾತ್ರ ಪೋಸ್ಟರ್‌ಗಿಂತ ಚೆನ್ನಾಗಿ ಓಡಿತು. 1993ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ, ಅಮೆರಿಕದಲ್ಲಿ ಗಳಿಕೆ ಸುಮಾರು 20 ಲಕ್ಷ ಡಾಲರ್. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿತು.

ಮುಂದಿನ ಸಿನಿಮಾ 'ಡೆಸ್ಪರಾಡೊ', 1995. ಬಜೆಟ್ ಸುಮಾರು 70 ಲಕ್ಷ ಡಾಲರ್. ಅದೇ ಹಾಡುಗಾರನ ಪಾತ್ರ, ಆದರೆ ನಾಯಕ ಅಂಟೋನಿಯೊ ಬ್ಯಾಂಡೆರಾಸ್. ಕಾರ್ಲೋಸ್‌ಗೆ ಸಿಕ್ಕಿದ್ದು ಕ್ಯಾಂಪಾ ಅನ್ನೋ ಸಣ್ಣ ಪಾತ್ರ. ವ್ಯಾಪಾರದಲ್ಲಿ ಇದು ಸಹಜ, ನಾನೂ ಒಪ್ತೀನಿ. ಆದರೂ ಮೊದಲ ಸಿನಿಮಾ ನೋಡಿದವರಿಗೆ ಅವನು ತೆರೆ ಮೇಲೆ ಬಂದಾಗ ಒಂಥರಾ ಆಗುತ್ತೆ. ಊರು ಕೊಟ್ಟವನು ಅವನು.

ರಾಡ್ರಿಗಸ್ ಇದೆಲ್ಲವನ್ನೂ ಮುಚ್ಚಿಟ್ಟವರಲ್ಲ, ಅದನ್ನು ಹೇಳಲೇಬೇಕು. 1995ರಲ್ಲಿ ಬಂದ ಅವರ ಪುಸ್ತಕ 'ರೆಬೆಲ್ ವಿತೌಟ್ ಎ ಕ್ರೂ' ಆ ದಿನಗಳ ದಿನಚರಿ, ಖರ್ಚು ವೆಚ್ಚ ಸಮೇತ. ಅಂಕಿಯನ್ನು ಮಾತ್ರ ಕಿತ್ತುಕೊಂಡು ಉಳಿದದ್ದನ್ನು ಬಿಟ್ಟವರು ನಾವು. ಫೋನ್ ಹಿಡಿದು ಮೊದಲ ಕಿರುಚಿತ್ರ ಮಾಡಿ, ಅದು ಸರಿ ಬರಲಿಲ್ಲ ಅಂತ ಕೈಬಿಟ್ಟವರು ನಿಮ್ಮ ಪರಿಚಯದಲ್ಲೂ ಇರ್ತಾರೆ. ಅವರು ತಮ್ಮನ್ನು ಹೋಲಿಸಿಕೊಂಡಿದ್ದು 23ರ ರಾಡ್ರಿಗಸ್ ಜೊತೆ. ಹೋಲಿಸಬೇಕಾಗಿದ್ದು ಕೇಬಲ್ ಎಳೆದಾಡುತ್ತಿದ್ದ ಹುಡುಗನ ಜೊತೆ.

ಹಾಗಾದರೆ ಈಗ ಅವರಿಂದ ಏಳು ಸಾವಿರದಲ್ಲಿ ಸಿನಿಮಾ ಮಾಡೋಕೆ ಆಗುತ್ತಾ? ಮಾಡಿದರು. ಅದೇ ಏಳು ಸಾವಿರ, ಅದೇ ಹದಿನಾಲ್ಕು ದಿನ, ಬರವಣಿಗೆಗೆ ಮಗ ರೇಸರ್ ಜೊತೆ. ಮೊದಲ ಪ್ರದರ್ಶನ 2019ರಲ್ಲಿ, ಆಸ್ಟಿನ್‌ನಲ್ಲೇ. ಸಿನಿಮಾ ಮಾಡೋ ದುಡ್ಡಿಗಾಗಿ ಔಷಧ ಪರೀಕ್ಷೆಗೆ ಸೇರೋ ಹುಡುಗನ ಕಥೆ. ಹೆಸರು 'ರೆಡ್ 11'. ಅಲ್ಲಿ ಇರೋರಿಗೆ ಹಾಕಿಕೊಳ್ಳೋಕೆ ಕೊಡೋ ಅಂಗಿಯ ಬಣ್ಣ ಮತ್ತು ನಂಬರ್ ಅದು. ಕೆಂಪು, ಹನ್ನೊಂದು.